ಬ್ಲೂ-ರೇ ಕೊಳ್ಳುವ ಮೊದಲು ಟಿವಿಯನ್ನು ಗಮನಿಸಿ
ಡಿವಿಡಿ ಪ್ಲೇಯರ್ ಇರುವವರೆಲ್ಲರೂ ಕೂಡಲೇ ಬ್ಲೂ-ರೇಗೆ (ಡಿವಿಡಿಗಿಂತ ಸೂಕ್ಷ್ಮವಾದ ಚಿತ್ರ ಕೊಡುವ ಡಿಸ್ಕ್‌ಗೆ) ಬದಲಾಗಬೇಕೆಂದು ಲೇಖನವೊಂದು ನೀಡಿದ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಪಾಲ್ ಮಾದರಿಯ (ಭಾರತದ ಹಳೆಯ ಟಿವಿ ಪದ್ಧತಿಯ) ಡಿವಿಡಿಯ ಚಿತ್ರದಲ್ಲಿ 720×576 ಬಿಂದುಗಳಿದ್ದರೆ ಬ್ಲೂ-ರೇಯಲ್ಲಿ 1920×1080, ಅಂದರೆ ಐದು ಪಟ್ಟು ಬಿಂದುಗಳಿರುತ್ತವೆ ಎಂಬುದು ನಿಜ. ಆದರೆ ಮನೆಯ ಟಿವಿ ಹಳೆಯ ಪಿಕ್ಚರ್ ಟ್ಯೂಬಿನದಾಗಿದ್ದರೆ, ಅಥವಾ 32 ಇಂಚಿನ ಪರದೆಯನ್ನು ಹತ್ತು-ಹನ್ನೆರಡು ಅಡಿ ದೂರದಿಂದ ನೋಡುವುದಾದರೆ, ಆ ಹೆಚ್ಚುವರಿ ಸೂಕ್ಷ್ಮತೆ ಬಹುಮಟ್ಟಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ (ಪೂರ್ಣ ಸೂಕ್ಷ್ಮತೆಯ ಚಿತ್ರವನ್ನು ಟಿವಿಗೆ ಸಾಗಿಸುವ ವೈರು) ಬಿಟ್ಟು ಹಳದಿ-ಕೆಂಪು-ಬಿಳಿ ವೈರಿನಲ್ಲೇ ಜೋಡಿಸಿದರೂ ಫಲಿತಾಂಶ ಅದೇ (ಅಂಗಡಿಯವರು ಇದನ್ನು ಹೇಳುವುದು ಅಪರೂಪ). ಬ್ಲೂ-ರೇ ಪ್ಲೇಯರಿನಲ್ಲಿ ಡಿವಿಡಿಗಳೂ ನಡೆಯುವುದರಿಂದ ಹಳೆಯ ಸಂಗ್ರಹವೇನೂ ವ್ಯರ್ಥವಾಗದು. ಆದರೂ ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ಬಂದಿರುವುದು ತೀರ ವಿರಳವಾದ್ದರಿಂದ, ಮುಖ್ಯವಾಗಿ ಅವನ್ನೇ ನೋಡುವವರು ಈಗಿರುವ ಪ್ಲೇಯರ್ ಕೆಡುವವರೆಗೆ ಕಾಯುವುದು ಲೇಸು.