ವಶೀಲಿಗೆ ಬಲಿಯಾದ ಅಧ್ಯಕ್ಷ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ದಿನಗಳಲ್ಲಿ ಪೈಥಾಗೊರಸ್ ಪ್ರಮೇಯ ಮುಗಿದ ಮೇಲೆ ಹತ್ತು ನಿಮಿಷ ಉಳಿದರೆ ಬೋರ್ಡಿನ ಮೇಲೆ ಇನ್ನೊಂದು ಚಿತ್ರ ಬರೆಯುತ್ತಿದ್ದೆ. ಒಂದು ಲಂಬಕೋನ ತ್ರಿಭುಜ, ಅದರ ಪಕ್ಕದಲ್ಲಿ ಅದೇ ತ್ರಿಭುಜ ಎದ್ದು ನಿಂತ ಹಾಗೆ. ಎರಡರ ತುದಿಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಾಪಿಜ್ಯ. ಅದರ ವಿಸ್ತೀರ್ಣ ಒಂದು ಕಡೆ ಬರೀರಿ, ಒಳಗಿನ ಮೂರು ತ್ರಿಭುಜಗಳ ವಿಸ್ತೀರ್ಣ ಕೂಡಿ ಇನ್ನೊಂದು ಕಡೆ ಬರೀರಿ, ಎರಡೂ ಕಡೆ ಇರೋದನ್ನ ಹೊಡೆದು ಹಾಕಿ. ಪ್ರಮೇಯ ತಾನಾಗಿ ಬಂದು ನಿಲ್ಲುತ್ತದೆ. 'ಇದನ್ನ ಕಂಡುಹಿಡಿದೋರು ಯಾರು ಗೊತ್ತೇನ್ರೋ? ಅಮೆರಿಕದ ಒಬ್ಬ ಅಧ್ಯಕ್ಷರು' ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಆ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್. ಪ್ರಮೇಯದ ಈ ರುಜುವಾತು 1876ರಲ್ಲಿ ಒಂದು ಶಿಕ್ಷಣ ಪತ್ರಿಕೆಯಲ್ಲಿ ಅಚ್ಚಾದಾಗ ಅವರು ಇನ್ನೂ ಸಂಸತ್ ಸದಸ್ಯರು. ಲಿಂಕನ್ ಕೊಲೆ, ಕೆನಡಿ ಕೊಲೆ ಎಲ್ಲರಿಗೂ ಗೊತ್ತು. ಗಾರ್ಫೀಲ್ಡ್ ಅಂದರೆ ಇವತ್ತು ಜನಕ್ಕೆ ನೆನಪಾಗುವುದು ಕಾರ್ಟೂನಿನ ಬೆಕ್ಕು. ನನಗೆ ಇದು ಬೇಜಾರಿನ ವಿಷಯ.

1831ರಲ್ಲಿ ಓಹಾಯೊದ ಒಂದು ಮರದ ದಿಮ್ಮಿಯ ಗುಡಿಸಲಿನಲ್ಲಿ ಹುಟ್ಟಿದ ಮಗು. ಎರಡು ವರ್ಷ ತುಂಬುವ ಮೊದಲೇ ಅಪ್ಪ ಹೋದರು. ಹದಿನಾರಕ್ಕೆ ಕಾಲುವೆಯ ದೋಣಿ ಎಳೆಯುವ ಹೇಸರಗತ್ತೆಗಳನ್ನು ದಂಡೆಯ ಮೇಲೆ ನಡೆಸುವ ಕೆಲಸ. ಎಷ್ಟೋ ಸಲ ನೀರಿಗೆ ಬಿದ್ದು, ಜ್ವರ ಹಿಡಿದು ಮನೆಗೆ ಬಂದು ಮಲಗಿದ ಮೇಲೆ ಅವ್ವ ಓದಿನ ಕಡೆ ತಿರುಗಿಸಿದರು. ಹೈರಂ ಊರಿನ ವಿದ್ಯಾಸಂಸ್ಥೆಯಲ್ಲಿ ಕಸ ಗುಡಿಸುತ್ತ ಓದಿದ ಹುಡುಗ ಇಪ್ಪತ್ತಾರನೇ ವಯಸ್ಸಿಗೆ ಅದೇ ಸಂಸ್ಥೆಯ ಮುಖ್ಯಸ್ಥ. ಅಂತರ್ಯುದ್ಧದಲ್ಲಿ ಮೇಜರ್ ಜನರಲ್, ಆಮೇಲೆ ಹದಿನೇಳು ವರ್ಷ ಸಂಸತ್ತು.

ಅಧ್ಯಕ್ಷ ಆಗಬೇಕು ಅಂತ ಅವರೇನೂ ಓಡಾಡಲಿಲ್ಲ. 1880ರಲ್ಲಿ ಶಿಕಾಗೊದ ರಿಪಬ್ಲಿಕನ್ ಪಕ್ಷದ ಸಮಾವೇಶಕ್ಕೆ ಹೋಗಿದ್ದು ಹಣಕಾಸು ಮಂತ್ರಿ ಜಾನ್ ಶರ್ಮನ್ ಹೆಸರು ಸೂಚಿಸಲಿಕ್ಕೆ. ಮಾಜಿ ಅಧ್ಯಕ್ಷ ಗ್ರಾಂಟ್ ಬಣ, ಸೆನೆಟರ್ ಬ್ಲೇನ್ ಬಣ ಎರಡೂ ಜಗ್ಗಾಡಿ ಮತದಾನದ ಮೇಲೆ ಮತದಾನ ನಡೆಯಿತು. ಮೂವತ್ತಾರನೇ ಸುತ್ತಿನಲ್ಲಿ ಗಾರ್ಫೀಲ್ಡ್ ಅವರೇ ಅಭ್ಯರ್ಥಿ. ಬೇರೆಯವರ ಮದುವೆ ಮಾತುಕತೆಗೆ ಹೋದವರಿಗೆ ಬಾಸಿಂಗ ಕಟ್ಟಿದ ಹಾಗೆ.

ಗೆದ್ದು 1881ರ ಮಾರ್ಚ್ 4ರಂದು ಪ್ರಮಾಣ ವಚನ ತೆಗೆದುಕೊಂಡರು. ಗುಲಾಮಗಿರಿಯಲ್ಲಿದ್ದವರು ಪೂರ್ಣ ಪೌರರಾದದ್ದೇ ಸಂವಿಧಾನ ಬಂದಾಗಿನಿಂದ ಆದ ಅತಿ ದೊಡ್ಡ ರಾಜಕೀಯ ಬದಲಾವಣೆ ಎಂದು ಆ ದಿನದ ಭಾಷಣದಲ್ಲಿ ಹೇಳಿದರು. ಮಾರನೇ ದಿನದಿಂದ ಶುರುವಾಯಿತು ನೋಡಿ, ಕೆಲಸ ಕೇಳುವವರ ಸಾಲು. ಆಗ ಅಲ್ಲಿ ಬಹುಪಾಲು ಸರ್ಕಾರಿ ನೌಕರಿಗೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಪಕ್ಷಕ್ಕೆ ದುಡಿದಿದ್ದರೆ ಸಾಕು. ಪೋಸ್ಟ್‌ಮಾಸ್ಟರ್ ಹುದ್ದೆ ಬೇಕೆಂದವರೂ ನೇರ ಶ್ವೇತಭವನಕ್ಕೇ ಬಂದು ಕೂರುತ್ತಿದ್ದರು. ನಮ್ಮ ಕಡೆ ಇದಕ್ಕೆ ಒಳ್ಳೆಯ ಪದ ಇದೆ, ವಶೀಲಿ. ನ್ಯೂಯಾರ್ಕ್ ಬಂದರಿನ ಸುಂಕದ ಅಧಿಕಾರಿಯನ್ನು ಆ ರಾಜ್ಯದ ಸೆನೆಟರ್ ಕಾಂಕ್ಲಿಂಗ್ ಅವರನ್ನು ಕೇಳದೆ ನೇಮಿಸಿದ್ದಕ್ಕೆ ಅವರು ಸಿಟ್ಟಾಗಿ ಸೆನೆಟ್ಟಿಗೇ ರಾಜೀನಾಮೆ ಎಸೆದರು. ರಾಜ್ಯದ ಶಾಸಕರು ಮತ್ತೆ ಆರಿಸಿ ಕಳಿಸುತ್ತಾರೆ ಎಂದುಕೊಂಡಿದ್ದರು. ಕಳಿಸಲಿಲ್ಲ!

ಆ ಸಾಲಿನಲ್ಲಿದ್ದವನು ಚಾರ್ಲ್ಸ್ ಗಿಟೊ. ವಕೀಲಿಯಲ್ಲಿ ಸೋತವನು, ಧರ್ಮೋಪದೇಶ ಮಾಡಲು ಹೋಗಿ ಅದರಲ್ಲೂ ಸೋತವನು. ಚುನಾವಣೆಯಲ್ಲಿ ಒಂದು ಭಾಷಣ ಬರೆದು ಅಚ್ಚು ಹಾಕಿಸಿದ್ದ. ಅದರಿಂದಲೇ ಗಾರ್ಫೀಲ್ಡ್ ಗೆದ್ದದ್ದು ಎಂದು ಅವನ ಲೆಕ್ಕ, ಆ ಲೆಕ್ಕಕ್ಕೆ ಅವನಿಗೆ ಪ್ಯಾರಿಸ್‌ನ ಕಾನ್ಸುಲ್ ಹುದ್ದೆ, ಅಂದರೆ ಅಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿಯ ಕೆಲಸ, ಬರಬೇಕಿತ್ತು. ವಿದೇಶಾಂಗ ಕಾರ್ಯದರ್ಶಿ ಬ್ಲೇನ್ ಅವರನ್ನು ಪೀಡಿಸಿ ಪೀಡಿಸಿ, ಕೊನೆಗೆ ಅವರು 'ಬದುಕಿರುವ ತನಕ ಆ ವಿಷಯ ನನ್ನ ಹತ್ತಿರ ಎತ್ತಬೇಡ' ಎಂದು ಗದರಿ ಕಳಿಸಿದರು. ಅವನು ಹೋಗಿ ರಿವಾಲ್ವರ್ ಕೊಂಡ. ತನ್ನನ್ನು ಹಾಕುವ ಜೈಲು ಹೇಗಿದೆ ಅಂತ ಮೊದಲೇ ಹೋಗಿ ನೋಡಿಕೊಂಡೂ ಬಂದ. ಜೂನ್‌ನಲ್ಲಿ ಒಮ್ಮೆ ರೈಲು ನಿಲ್ದಾಣದಲ್ಲಿ ಅಧ್ಯಕ್ಷರು ಸಿಕ್ಕಿದ್ದರು. ಪಕ್ಕದಲ್ಲಿ ಕಾಯಿಲೆಯಿಂದ ಸೊರಗಿದ್ದ ಪತ್ನಿ ಲುಕ್ರೀಷಿಯಾ ಅವರನ್ನು ಕಂಡು ವಾಪಸ್ ಬಂದನಂತೆ.

ಜುಲೈ 2, ವಾಷಿಂಗ್‌ಟನ್ನಿನ ಅದೇ ನಿಲ್ದಾಣ. ಕಾವಲುಗಾರರು ಅಂತ ಯಾರೂ ಇಲ್ಲ. ಹಿಂದಿನಿಂದ ಎರಡು ಗುಂಡು. ಒಂದು ತೋಳು ಸವರಿ ಹೋಯಿತು, ಇನ್ನೊಂದು ಬೆನ್ನಿಗೆ ಹೊಕ್ಕಿತು.

ಇಲ್ಲಿಂದಾಚೆ ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಗುಂಡು ಬೆನ್ನುಮೂಳೆಯ ಒಂದು ಕಶೇರುಕ ಸೀಳಿದರೂ ಒಳಗಿನ ನರದ ಬಳ್ಳಿಯನ್ನು ಮುಟ್ಟದೆ, ಎಡಗಡೆ ಮೇದೋಜೀರಕ ಗ್ರಂಥಿಯ ಹಿಂದೆ ಹೋಗಿ ಸುಮ್ಮನೆ ಕೂತಿತ್ತು. ಆದರೆ ನಿಲ್ದಾಣದ ನೆಲದ ಮೇಲೆಯೇ ವೈದ್ಯರು ಗಾಯದೊಳಗೆ ಬೆರಳು ತೂರಿಸಿ ಹುಡುಕಲು ಶುರು ಮಾಡಿದರು. ತೊಳೆಯದ ಬೆರಳು. ಅಲ್ಲಿದ್ದ ಯುದ್ಧಮಂತ್ರಿ ರಾಬರ್ಟ್ ಲಿಂಕನ್, ಹೌದು, ಅದೇ ಲಿಂಕನ್ನರ ಮಗ, ಡಾಕ್ಟರ್ ಬ್ಲಿಸ್ ಎಂಬವರಿಗೆ ಹೇಳಿ ಕಳಿಸಿದರು. ಬ್ಲಿಸ್ ಬಂದವರೇ ತಾನೇ ಯಜಮಾನ ಎಂದು ಕೂತರು. ಮೊದಲೇ ಬಂದಿದ್ದ ಕಪ್ಪುಜನಾಂಗದ ವೈದ್ಯ ಚಾರ್ಲ್ಸ್ ಪರ್ವಿಸ್ ಅವರನ್ನು ಬದಿಗೆ ಸರಿಸಿದರು. ಲುಕ್ರೀಷಿಯಾರ ವೈದ್ಯೆ ಸೂಸನ್ ಎಡ್ಸನ್ ಅವರಿಗೆ ಸಿಕ್ಕಿದ್ದು ನರ್ಸ್ ಕೆಲಸ.

ಕ್ರಿಮಿಗಳ ವಿಷಯ ಆಗ ಗೊತ್ತಿರಲಿಲ್ಲ ಎಂದು ಹೇಳುವವರಿದ್ದಾರೆ. ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್ ಐದು ವರ್ಷದ ಹಿಂದೆಯೇ ಫಿಲಡೆಲ್ಫಿಯಾಕ್ಕೆ ಬಂದು ಗಾಯಕ್ಕೆ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಮ್ಲ ಬಳಸುವ ಬಗ್ಗೆ ವೈದ್ಯರ ಮುಂದೆ ಮಾತಾಡಿ ಹೋಗಿದ್ದರು. ಯುರೋಪಿನಲ್ಲಿ ನಂಬಿ ಕೈ ತೊಳೆಯುವವರು ಹೆಚ್ಚುತ್ತಿದ್ದರು, ಅಮೆರಿಕದ ಹಿರಿಯ ವೈದ್ಯರು ನಕ್ಕಿದ್ದರು.

ಟೆಲಿಫೋನಿನ ಗ್ರಹಾಂ ಬೆಲ್ ಕೂಡ ಓಡಿ ಬಂದರು. ಲೋಹ ಇದ್ದ ಕಡೆ ಕಿವಿಗೆ ಸದ್ದು ಕೊಡುವ ಉಪಕರಣ ಮಾಡಿಕೊಂಡು ಬಂದು ರೋಗಿಯ ಮೈಮೇಲೆ ಆಡಿಸಿದರು. ಹಾಸಿಗೆಯಲ್ಲಿ ಲೋಹದ ಸುರುಳಿಗಳಿದ್ದವು, ಸದ್ದು ಗೋಜಲಾಯಿತು. ಅದಕ್ಕಿಂತ ದೊಡ್ಡ ತೊಂದರೆ, ಗುಂಡು ಬಲಗಡೆಯೇ ಇದೆ ಎಂದು ಬ್ಲಿಸ್ ಆಗಲೇ ಹೇಳಿಬಿಟ್ಟಿದ್ದರು. ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಎಡಗಡೆ ಇತ್ತು.

ಬೇಸಿಗೆಯ ಸೆಕೆಗೆ ನೌಕಾಪಡೆಯ ಎಂಜಿನಿಯರುಗಳು ಮಂಜುಗಡ್ಡೆಯ ಮೇಲಿನಿಂದ ಗಾಳಿ ಹಾಯಿಸಿ ಕೋಣೆ ತಂಪು ಮಾಡಿದರು. ಕೀವು ಹಬ್ಬುತ್ತಲೇ ಹೋಯಿತು. 200 ಪೌಂಡ್ ಮೀರಿದ್ದ ಆಳು 130ಕ್ಕೆ ಇಳಿದರು. ಸಮುದ್ರ ನೋಡಬೇಕು ಎಂದರು. ಸೆಪ್ಟೆಂಬರ್ 6ರಂದು ನ್ಯೂಜೆರ್ಸಿಯ ಎಲ್ಬರಾನ್‌ಗೆ ರೈಲಿನಲ್ಲಿ ಕರೆದೊಯ್ದರು. ಮನೆ ಬಾಗಿಲ ತನಕ ಹಳಿ ಇರಲಿಲ್ಲ, ಜನ ಒಂದೇ ರಾತ್ರಿಯಲ್ಲಿ ಹಾಕಿದರು. ಕೊನೆಯ ಏರಿನಲ್ಲಿ ಎಂಜಿನ್ ಹತ್ತಲಿಲ್ಲ. ಬೋಗಿಯನ್ನು ಜನ ಕೈಯಿಂದಲೇ ತಳ್ಳಿ ಬಾಗಿಲಿಗೆ ಮುಟ್ಟಿಸಿದರು. ಸೆಪ್ಟೆಂಬರ್ 19ರ ರಾತ್ರಿ ಹೋದರು, ಇನ್ನೂ ಐವತ್ತು ತುಂಬಿರಲಿಲ್ಲ. ಅಧಿಕಾರದಲ್ಲಿದ್ದದ್ದು ಆರೂವರೆ ತಿಂಗಳು, ಅದರಲ್ಲಿ ಎರಡೂವರೆ ತಿಂಗಳಿಗೂ ಹೆಚ್ಚು ಹಾಸಿಗೆಯ ಮೇಲೆ.

ನಾನು ಹೇಳಬೇಕೆಂದದ್ದು ಇಷ್ಟೇ. ಕೆಲವರು ಗಿಟೊನನ್ನು ಹುಚ್ಚ ಎಂದು ಮುಗಿಸುತ್ತಾರೆ, ಕೆಲವರು ಬ್ಲಿಸ್‌ರನ್ನು ಅಹಂಕಾರಿ ಎಂದು. ನನಗೆ ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬಂದವರ ಹಾಗೆ ಕಾಣುತ್ತಾರೆ. 'ನಾನು ನಿಮ್ಮವನು, ನಿಮಗಾಗಿ ದುಡಿದವನು' ಎಂದು ಒಬ್ಬ ಹುದ್ದೆ ಕೇಳಿದ. ಗುರುತಿನವರು, ದೊಡ್ಡವರು ಎನ್ನುವುದಕ್ಕೇ ಇನ್ನೊಬ್ಬರ ಕೈಗೆ ರೋಗಿ ಸಿಕ್ಕರು. ನಿಮಗೆ ಈ ಕೆಲಸ ಬರುತ್ತದೆಯೇ ಎಂದು ಇಬ್ಬರಲ್ಲಿ ಯಾರನ್ನೂ ಕೇಳುವ ಏರ್ಪಾಡೇ ಅಲ್ಲಿರಲಿಲ್ಲ. ಪರ್ವಿಸ್ ಆಗಲಿ ಎಡ್ಸನ್ ಆಗಲಿ ಉಳಿಸುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಯಾರೂ ಏನೂ ಮಾಡದೆ ಬಿಟ್ಟಿದ್ದರೂ ಉಳಿಯುತ್ತಿದ್ದರೇನೋ ಎಂದು ಅನ್ನಿಸುತ್ತದೆ. ಮೈಯಲ್ಲಿ ಗುಂಡು ಇಟ್ಟುಕೊಂಡೇ ಬದುಕಿದ ಅಂತರ್ಯುದ್ಧದ ಸೈನಿಕರು ಆ ದೇಶದ ತುಂಬ ಇದ್ದರು.

ಕಾಂಕ್ಲಿಂಗ್ ನೆರಳಿನಲ್ಲೇ ಬೆಳೆದು, ಒಮ್ಮೆ ಅದೇ ನ್ಯೂಯಾರ್ಕ್ ಸುಂಕದ ಕಟ್ಟೆಯ ಮುಖ್ಯಸ್ಥರಾಗಿದ್ದ ಉಪಾಧ್ಯಕ್ಷ ಆರ್ಥರ್ ಗಾದಿಗೆ ಬಂದರು. ಈಗ ವಶೀಲಿಗೆ ಹಬ್ಬ ಎಂದೇ ಎಲ್ಲರೂ ಅಂದುಕೊಂಡಿದ್ದರು. 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯ್ದೆಗೆ, ಅಂದರೆ ಪರೀಕ್ಷೆ ಬರೆದೇ ಸರ್ಕಾರಿ ನೌಕರಿ ಎನ್ನುವ ಕಾಯ್ದೆಗೆ ಸಹಿ ಹಾಕಿದ್ದು ಅವರೇ. ಶುರುವಿಗೆ ಅದು ಮುಟ್ಟಿದ್ದು ಹುದ್ದೆಗಳಲ್ಲಿ ಸುಮಾರು ಹತ್ತನೇ ಒಂದು ಪಾಲು.

ಗಿಟೊ ಕೋರ್ಟಿನಲ್ಲಿ, ಕೊಂದವರು ವೈದ್ಯರು, ನಾನು ಬರೀ ಗುಂಡು ಹೊಡೆದೆ ಎಂದು ವಾದಿಸಿದ. ಹುಚ್ಚನ ಬಾಯಲ್ಲಿ ಬಂದ ಮಾತು ಎಂದು ತಳ್ಳಿಹಾಕಲು ನನಗಂತೂ ಆಗುವುದಿಲ್ಲ. 1882ರ ಜೂನ್ 30ರಂದು ಅವನನ್ನು ಗಲ್ಲಿಗೆ ಹಾಕಿದರು. ಬ್ಲಿಸ್ ತಮ್ಮ ಸೇವೆಗೆ 25,000 ಡಾಲರ್ ಬಿಲ್ ಕಳಿಸಿದರು. ಸರ್ಕಾರ 6,500 ಕೊಡುತ್ತೇವೆ ಎಂದಿತು. ಬಹಳ ಕಡಿಮೆಯಾಯಿತು ಎಂದು ಅವರು ತೆಗೆದುಕೊಳ್ಳಲಿಲ್ಲ.