ಸ್ಕೋರ್ ಏರಿತು, ಶ್ವಾಸಕೋಶ ಮಡಚಿತು

ಎರಡು ವಾರದಿಂದ ಒಂದೇ ಕೆಲಸ. ಒಬ್ಬರದೇ ಎದೆಯ ಎರಡು ಸಿಟಿ ಸ್ಕ್ಯಾನ್. ಒಂದು ಉಸಿರು ತುಂಬಿಕೊಂಡಾಗ ತೆಗೆದದ್ದು, ಇನ್ನೊಂದು ಬಿಟ್ಟಾಗ. ಒಂದನ್ನು ಹಿಗ್ಗಿಸಿ ಕುಗ್ಗಿಸಿ ಇನ್ನೊಂದರ ಮೇಲೆ ಕೂರಿಸಬೇಕು. ಇದಕ್ಕೆ ಡಿಫಾರ್ಮಬಲ್ ರಿಜಿಸ್ಟ್ರೇಷನ್ ಅಂತಾರೆ. ರೇಡಿಯೇಷನ್ ಕೊಡುವವರಿಗೆ ಗಡ್ಡೆ ಉಸಿರಿನ ಜೊತೆ ಎಷ್ಟು ಸರಿಯುತ್ತದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ.

ನಾನು ಬಳಸುವುದು ಎಲಾಸ್ಟಿಕ್ಸ್ ಅನ್ನುವ ತಂತ್ರಾಂಶ. ನೆದರ್ಲೆಂಡ್ಸ್‌ನ ಸಂಶೋಧಕರು ಕಟ್ಟಿದ್ದು, ಉಚಿತ. ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಪ್ಯಾರಾಮೀಟರ್ ಬರೆದುಕೊಟ್ಟರೆ ಆಯಿತು. ಆ ಫೈಲೇ ತಲೆನೋವು. ಹೊಸಬರು ಮೊದಲು ಕೈ ಹಾಕುವುದು ಗ್ರಿಡ್ ಅಂತರಕ್ಕೆ, ಅಂದರೆ ಚಿತ್ರವನ್ನು ಹಿಡಿದು ಎಳೆಯುವ ಬಿಂದುಗಳ ನಡುವಿನ ದೂರಕ್ಕೆ. ನಾನೂ ಹಾಗೇ ಮಾಡಿದೆ. 16 ಮಿಲಿಮೀಟರ್ ಇದ್ದದ್ದನ್ನು 8 ಮಾಡಿದೆ. ಮೂರು ದಿಕ್ಕಿಗೂ ಅರ್ಧ, ಅಂದರೆ ಎಳೆದಾಡಲು ಸಿಗುವ ಬಿಂದುಗಳು ಸುಮಾರು ಎಂಟು ಪಟ್ಟು. ಹೋಲಿಕೆಯ ಸ್ಕೋರ್ ಏರಿತು. 4 ಮಾಡಿದೆ. ಇನ್ನೂ ಏರಿತು. ಖುಷಿಯಲ್ಲಿ ಕಾಫಿ ಕುಡಿದು ಬಂದೆ.

ಹೊಂದಿಸಿದ ಚಿತ್ರವೇನೋ ಚಂದವಾಗಿಯೇ ಇತ್ತು. ಅದರ ಮೇಲೆ ಚೌಕಳಿ ಗೆರೆ ಹಾಕಿ ನೋಡಿದೆ. ಮುದುಡಿ ಎಸೆದ ಪಂಚೆಯ ಹಾಗೆ ಗೆರೆಗಳು ಒಂದರ ಮೇಲೊಂದು ಮಡಚಿಕೊಂಡಿದ್ದವು. ಜಾಕೋಬಿಯನ್, ಅಂದರೆ ಒಂದೊಂದು ಜಾಗ ಎಷ್ಟು ಪಟ್ಟು ಹಿಗ್ಗಿತು ಕುಗ್ಗಿತು ಅನ್ನುವ ಲೆಕ್ಕ, ಅಲ್ಲೆಲ್ಲ ಸೊನ್ನೆಗಿಂತ ಕೆಳಗೆ. ಅಂದರೆ ಅಲ್ಲಿನ ಅಂಗಾಂಶ ಒಳ-ಹೊರಗಾಗಿ ತಿರುಗಿದೆ ಅಂತ. ಯಾರ ಶ್ವಾಸಕೋಶ ಹಾಗೆ ತಿರುಗುತ್ತದೆ?

ಸ್ಕೋರ್ ನಂಬಿ ಟ್ಯೂನ್ ಮಾಡಬಾರದು ಅಂತ ಸಂಶೋಧಕ ಟಾರ್ಸ್ಟನ್ ರೋಲ್ಫಿಂಗ್ 2012ರಲ್ಲೇ ತೋರಿಸಿದ್ದಾರೆ. ಎರಡೂ ಚಿತ್ರಗಳ ಪಿಕ್ಸೆಲ್‌ಗಳನ್ನು ಹೊಳಪಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಇಲ್ಲಿನದಕ್ಕೆ ಅಲ್ಲಿನದು ಅಂತ ಜೋಡಿಸಿಬಿಟ್ಟರು. ಯಾವ ಅಂಗ ಎಲ್ಲಿದೆ ಅನ್ನುವುದರ ಗಂಧಗಾಳಿ ಇಲ್ಲ. ಅದಕ್ಕಿಟ್ಟ ಹೆಸರೇ 'ಪೂರ್ತಿ ಕೆಲಸಕ್ಕೆ ಬಾರದ ಸಾಧನ'. ಆದರೂ ಹೋಲಿಕೆಯಲ್ಲಿ ಸ್ಕೋರ್ ಮಾತ್ರ ಬೊಂಬಾಟ್! ಇದನ್ನು ಓದಿಯೂ ನಾನು ಅದೇ ಗುಂಡಿಗೆ ಬಿದ್ದೆ.

ಸರಿ, ವಿಪರೀತ ಬಾಗಿದರೆ ದಂಡ ಹಾಕುವ ಪೆನಾಲ್ಟಿಯ ತೂಕ ಜಾಸ್ತಿ ಮಾಡೋಣ ಅಂದರೆ ಅದಕ್ಕೂ ಒಂದು ತೊಂದರೆ. ಶ್ವಾಸಕೋಶ ಪಕ್ಕೆಲುಬಿನ ಒಳಮೈಗೆ ಅಂಟಿಕೊಂಡು ಜಾರುತ್ತದೆ. ಎಲ್ಲವೂ ನಯವಾಗಿ ಬಾಗಬೇಕು ಅಂತ ಪೆನಾಲ್ಟಿ ಹಟ ಹಿಡಿದರೆ, ಒಂದೋ ಪಕ್ಕೆಲುಬೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಇಲ್ಲ ಶ್ವಾಸಕೋಶ ಅರ್ಧದಲ್ಲೇ ನಿಲ್ಲುತ್ತದೆ. ಮಾಸ್ಕ್ ಹಾಕಿ, ಅಂದರೆ ಹೊರಗಿನದನ್ನು ಲೆಕ್ಕದಿಂದ ಬಿಟ್ಟು, ಶ್ವಾಸಕೋಶವನ್ನಷ್ಟೇ ಹೊಂದಿಸುವುದು ಸದ್ಯಕ್ಕೆ ನನ್ನ ದಾರಿ. ಹೊರಗಿನದನ್ನು ಆಮೇಲೆ ನಂಬುವ ಹಾಗಿಲ್ಲ, ಅಷ್ಟೇ.

ನನ್ನ ಸಿಟ್ಟು ಪ್ರಬಂಧ ಬರೆಯುವವರ ಮೇಲೆ. ಗಣಿತಕ್ಕೆ ನಾಲ್ಕು ಪುಟ, ಪ್ಯಾರಾಮೀಟರ್‌ಗೆ ಒಂದೇ ಸಾಲು: 'ಪ್ರಯೋಗ ಮಾಡಿ ಆರಿಸಿದ್ದೇವೆ'. ಯಾವುದರ ಮೇಲೆ ಪ್ರಯೋಗ, ಸ್ವಾಮಿ? ಡಿಐಆರ್-ಲ್ಯಾಬ್ ಅನ್ನುವ ಸಾರ್ವಜನಿಕ ಸಂಗ್ರಹದ ಒಂದು ಕಂತಿನಲ್ಲಿ ಹತ್ತು ರೋಗಿಗಳ ಸ್ಕ್ಯಾನ್ ಇದೆ, ಹೊಂದಿಕೆ ಸರಿಯೇ ಅಂತ ಅಳೆಯಲು ಒಬ್ಬೊಬ್ಬರಿಗೂ 300 ಗುರುತು. ಅವೇ ಹತ್ತರ ಮೇಲೆ ತಿರುಪಿ ತಿರುಪಿ, ಅವೇ ಹತ್ತರ ಫಲಿತಾಂಶ ಕೊಟ್ಟರೆ ಅದು ಪ್ರಶ್ನೆಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ ಅಲ್ವಾ?

ಈಗ ಮಾಸ್ಕ್ ಹಾಕಿ, ಗ್ರಿಡ್ 10ಕ್ಕೆ ತಂದಿದ್ದೇನೆ. ಸ್ಕೋರ್ ಮೊದಲಿಗಿಂತ ಕಮ್ಮಿ, ಗೆರೆ ಎಲ್ಲೂ ಮಡಚಿಲ್ಲ. ವಪೆಯ ಹತ್ತಿರ ಮಾತ್ರ ಇನ್ನೂ ಮೂರು ಮಿಲಿಮೀಟರ್ ತಪ್ಪುತ್ತಿದೆ. ನಾಳೆ ಅದನ್ನು ನೋಡಬೇಕು.