ಡಯಾಪರ್ ಬಿಟ್ಟ ಮೇಲೆ ಹಡಗು

ಹಾಸನದವರಿಗೂ ಹಡಗಿಗೂ ಎಲ್ಲಿಯ ಸಂಬಂಧ? ನಮ್ಮ ಮಾವ ಕೇಳಿದ ಮೊದಲ ಪ್ರಶ್ನೆಯೇ ಅದು. ಸಮುದ್ರ ನೋಡಬೇಕು ಅಂದರೆ ನಾವು ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಬೇಕು. ನಮ್ಮ ಸುತ್ತಮುತ್ತ ನೀರಿನಲ್ಲಿ ನಿಂತಿರುವ ದೊಡ್ಡ ವಸ್ತು ಅಂದರೆ ಶೆಟ್ಟಿಹಳ್ಳಿಯ ಹಳೇ ಚರ್ಚು. ಗೊರೂರು ಡ್ಯಾಮ್ ತುಂಬಿದಾಗ ಅದು ಅರ್ಧ ಮುಳುಗಿರುತ್ತದೆ. ಮುಳುಗಿದ್ದನ್ನು ನೋಡೋಕೆ ಬುತ್ತಿ ಕಟ್ಟಿಕೊಂಡು ಹೋಗುವ ಜನ ನಾವು. ತೇಲುವುದನ್ನು ಹತ್ತಿ ಅಭ್ಯಾಸ ಇಲ್ಲ.

ಆದರೂ ಮನೆಯಲ್ಲಿ ಕ್ರೂಸ್ ಮಾತು ಶುರುವಾಯಿತು. ಹಚ್ಚಿದ್ದು ಬೆಂಗಳೂರಿನಲ್ಲಿರುವ ಮೈದುನ. ಅವನಿಗೆ ಇನ್ನೂ ಮದುವೆಯಾಗಿಲ್ಲ. ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೋಗುವುದು ಹೇಗೆ ಅಂತ ಅವನಿಗೆ ಚೆನ್ನಾಗಿ ಗೊತ್ತು. "ಅತ್ತಿಗೆ, ಮಕ್ಕಳಿರೋರಿಗೆ ಕ್ರೂಸೇ ಸರಿ. ಒಂದು ಸಲ ಬ್ಯಾಗ್ ಬಿಚ್ಚಿದ್ರೆ ಮುಗೀತು. ರೂಮೇ ನಿಮ್ಮನ್ನ ಹೊತ್ಕೊಂಡು ಊರೂರು ಸುತ್ತುತ್ತೆ. ಊಟ ಅಲ್ಲೇ, ಆಟ ಅಲ್ಲೇ" ಅಂದ. ನನಗೆ ಹಿಡಿಸಿದ್ದು 'ಊಟ ಅಲ್ಲೇ' ಅನ್ನುವ ಭಾಗ. ಅಡುಗೆ ಮಾಡುವ ಹಾಗಿಲ್ಲ, ಪಾತ್ರೆ ತೊಳೆಯುವ ಹಾಗಿಲ್ಲ. ಅಷ್ಟಿದ್ದರೆ ಹಡಗನ್ನು ದಡಕ್ಕೇ ಕಟ್ಟಿಹಾಕಿದ್ದರೂ ನನ್ನ ತಕರಾರಿಲ್ಲ.

ತಕರಾರು ಬಂದದ್ದು ಎಲ್ಲಿಗೆ ಅನ್ನುವ ವಿಷಯಕ್ಕೆ.

ನಮ್ಮ ಯಜಮಾನರು ನೇರ ಅಲಾಸ್ಕಾಗೆ ಹೋದರು, ಬಾಯಿಮಾತಿನಲ್ಲಿ. ಹಿಮನದಿ ಕಣ್ಣೆದುರೇ ಕಳಚಿ ಸಮುದ್ರಕ್ಕೆ ಬೀಳುತ್ತದಂತೆ, ತಿಮಿಂಗಿಲ ಕಾಣುತ್ತದಂತೆ. ಪೇಪರ್ ಓದುತ್ತಿದ್ದ ಮಾವ ತಲೆ ಎತ್ತದೆ, "1912ರಲ್ಲಿ ಟೈಟಾನಿಕ್ಕಿನವರೂ ಮಂಜುಗಡ್ಡೆ ನೋಡಿದ್ರು" ಅಂದರು. ಆ ದುರಂತ ಆದಮೇಲೆ 1914ರಲ್ಲಿ ದೇಶದೇಶಗಳು ಸೇರಿ ಕಾನೂನು ಮಾಡಿದ್ದಾವೆ, ಈಗ ಎಲ್ಲರಿಗೂ ಆಗುವಷ್ಟು ಲೈಫ್‌ಬೋಟ್ ಇರುತ್ತೆ, ಹತ್ತಿದ ಕೂಡಲೇ ಎಲ್ಲರಿಗೂ ಕವಾಯತು ಮಾಡಿಸಿ ಯಾವ ಬಾಗಿಲಿಗೆ ಓಡಬೇಕು ಅಂತ ಹೇಳಿಕೊಡ್ತಾರೆ ಅಂತ ಮೈದುನ ಫೋನಿನಲ್ಲೇ ವಿವರಿಸಿದ. "ಓಡೋದನ್ನ ಮೊದಲೇ ಹೇಳಿಕೊಡ್ತಾರೆ ಅಂದ್ರೆ ಅರ್ಥ ಮಾಡ್ಕೋ" ಅಂದರು ಮಾವ. ಅಲ್ಲಿಗೆ ಹಡಗು ಹೋಗುವುದೇ ಮೇ ತಿಂಗಳಿಂದ ಸೆಪ್ಟೆಂಬರ್ ತನಕ. ಹತ್ತಬೇಕಾದ್ದು ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ. ಹಾಸನದಿಂದ ಅಲ್ಲಿಗೆ ಹೋಗಿ ಮುಟ್ಟುವುದೇ ಒಂದು ಪ್ರವಾಸ. ಕಾಫಿ ಆರುವಷ್ಟರಲ್ಲಿ ಅಲಾಸ್ಕಾ ಮುಗಿಯಿತು.

ದುಬೈ ಇನ್ನೂ ಬೇಗ ಮುಗಿಯಿತು. ಅಲ್ಲಿ ಹಡಗಿನ ಸೀಸನ್ ಅಂದರೆ ಚಳಿಗಾಲ. ನಮ್ಮ ಮಕ್ಕಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್, ಮೇನಲ್ಲಿ. ಅಷ್ಟು ಹೊತ್ತಿಗೆ ಅಲ್ಲಿನ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತಿರುತ್ತದೆ, ದೊಡ್ಡ ಹಡಗುಗಳು ತಾವೇ ಬಿಸಿಲು ತಡೆಯದೆ ಯುರೋಪಿನ ಕಡೆ ಹೊರಟುಬಿಟ್ಟಿರುತ್ತವೆ.

ಸಿಂಗಾಪುರ ಮಾತ್ರ ಗಟ್ಟಿಯಾಗಿ ನಿಂತಿತ್ತು. ವರ್ಷಪೂರ್ತಿ ಹಡಗುಗಳಿವೆ. ಪೆನಾಂಗ್, ಫುಕೆಟ್ ಅಂತ ಮೂರು ನಾಲ್ಕು ದಿನಕ್ಕೆ ಸುತ್ತಿಸಿ ತರುತ್ತಾರೆ. ಹಡಗು ಸಿಂಗಾಪುರಕ್ಕೇ ವಾಪಸ್ ಬರುವುದರಿಂದ ಆ ದೇಶಕ್ಕೆ ಎರಡು ಸಲ ಒಳಗೆ ಹೋದ ಹಾಗೆ. ವೀಸಾ ತೆಗೆಸುವಾಗ ಅದನ್ನೂ ನೋಡಿಕೊಳ್ಳಬೇಕು. ಅದಕ್ಕೂ ಮೊದಲು ಮಕ್ಕಳಿಗೆ ಪಾಸ್‌ಪೋರ್ಟ್ ಆಗಬೇಕು. ಪಾಸ್‌ಪೋರ್ಟಿಗೂ ಮೊದಲು ಫೋಟೋ ಆಗಬೇಕು.

ದೊಡ್ಡವನಿಗೆ ಐದು ವರ್ಷ, ಅವನ ಫೋಟೋ ಕಚೇರಿಯಲ್ಲೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದು ನಾವೇ ಒಯ್ಯಬೇಕು. ಬಿಳೀ ಹಿನ್ನೆಲೆ ಇರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ನನ್ನ ಮಗಳು ಹುಟ್ಟಿದಂದಿನಿಂದ ಕಣ್ಣು ತೆರೆದು ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಬಿ.ಎಂ. ರಸ್ತೆಯ ಸ್ಟುಡಿಯೋಗೆ ಕರೆದುಕೊಂಡು ಹೋದೆವು. ಅತ್ತೆ ಮನೆಯಿಂದ ಹೊರಡುವಾಗಲೇ ಕೆನ್ನೆಗೆ ಎಂಟಾಣೆ ಅಗಲದ ದೃಷ್ಟಿಬೊಟ್ಟು ಇಟ್ಟು ಕಳಿಸಿದ್ದರು. ಫೋಟೋದವರು "ಮೇಡಂ, ಇದನ್ನ ಒರೆಸಬೇಕು" ಅಂದರು. ಒರೆಸಿದೆ. ಮನೆಯಲ್ಲೇ ಮಾಡಿದ ಗಟ್ಟಿ ಕಾಡಿಗೆ ಅದು, ಬೊಟ್ಟು ಹೋಗಿ ಕೆನ್ನೆಯೆಲ್ಲ ಬೂದಿಯಾಯಿತು. ಒದ್ದೆ ಕರ್ಚೀಫಿನಿಂದ ತಿಕ್ಕಿದೆ. ಬೂದಿ ಹೋಗಿ ಕೆಂಪಾಯಿತು, ಅಳು ಶುರುವಾಯಿತು. ಅಳು ನಿಲ್ಲಿಸಲು ಟಾಫಿ ಕೊಟ್ಟರು, ಬಾಯಿ ಉಬ್ಬಿತು. ಟಾಫಿ ಮುಗಿಯುವ ತನಕ ಕಾದರೆ ನಿದ್ದೆ ಬಂತು. ಕೊನೆಗೆ ಅವಳು ಟ್ಯೂಬ್‌ಲೈಟಿನ ಮೇಲಿದ್ದ ಹಲ್ಲಿಯನ್ನು ಕಂಡು ಬೆರಗಾಗಿ ಸುಮ್ಮನಾದ ಗಳಿಗೆಯಲ್ಲಿ ಫೋಟೋ ಸಿಕ್ಕಿತು. ಇನ್ನು ಐದು ವರ್ಷ ಆ ಪಾಸ್‌ಪೋರ್ಟಿನಲ್ಲಿ ಅವಳು ಹಲ್ಲಿಯನ್ನೇ ನೋಡುತ್ತಿರುತ್ತಾಳೆ.

ಇಷ್ಟಾದ ಮೇಲೆ ಅತ್ತೆಗೆ ಒಂದು ಸಂಶಯ ಬಂತು. "ಧರ್ಮಸ್ಥಳಕ್ಕೆ ಹೋಗುವಾಗ ಗುಂಡ್ಯ ಬರೋಷ್ಟರಲ್ಲಿ ಮೂರು ಕವರ್ ತುಂಬಿಸ್ತಾನೆ ನಿನ್ನ ಮಗ. ಹಡಗಲ್ಲಿ ಏನು ಗತಿ?" ಮಾತು ಸರಿಯೇ. ಕಿವಿಯೊಳಗೆ ಮೈಯ ಸಮತೋಲ ನೋಡಿಕೊಳ್ಳುವ ಒಂದು ಭಾಗ ಇದೆ. ಅದು 'ಅಲ್ಲಾಡ್ತಿದ್ದೀವಿ' ಅನ್ನುತ್ತದೆ, ಎದುರಿನ ಗೋಡೆ ನೋಡುತ್ತಿರುವ ಕಣ್ಣು 'ಇಲ್ವಲ್ಲಾ' ಅನ್ನುತ್ತದೆ. ಇವೆರಡರ ಜಗಳದಲ್ಲಿ ತಿಂದಿದ್ದು ಹೊರಗೆ ಬರುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಕಾಟ ಕಮ್ಮಿ. ಎರಡರಿಂದ ಹನ್ನೆರಡು ವರ್ಷದವರಿಗೇ ಜಾಸ್ತಿ. ನಮ್ಮ ಎರಡೂ ಅದರೊಳಗೆ ಸರಿಯಾಗಿ ಕೂತಿವೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ರೂಮು ಹಿಡಿದರೆ ಅಲ್ಲಾಟ ಕಮ್ಮಿ ಅಂತ ಮೈದುನ ಹೇಳಿದ. ಯಜಮಾನರಿಗೆ ಅದು ಸಾಲಲಿಲ್ಲ. "ಮಕ್ಕಳಿಗೆ ಒಂದು ಟೆಸ್ಟ್ ಮಾಡೇಬಿಡೋಣ" ಅಂತ ಭಾನುವಾರ ಎಲ್ಲರನ್ನೂ ಬೇಲೂರಿನ ಯಗಚಿ ಹಿನ್ನೀರಿಗೆ ಕರೆದುಕೊಂಡು ಹೋದರು.

ಲೈಫ್ ಜಾಕೆಟ್ ಹಾಕಿಸಿ ಮೋಟಾರ್ ದೋಣಿ ಹತ್ತಿಸಿದರು. ಮಗ ಚಪ್ಪಾಳೆ ತಟ್ಟಿದ. ಮಗಳು ನೀರಿಗೆ ಕೈ ಹಾಕಲು ನನ್ನ ಜೊತೆ ಗುದ್ದಾಡಿದಳು. ಅತ್ತೆ ಸೆರಗು ಬಿಗಿದು ಕೂತು, ದೂರದಲ್ಲಿ ಕಾಣುವ ಬೆಟ್ಟ ಯಾವುದು ಅಂತ ದೋಣಿಯವನನ್ನು ವಿಚಾರಿಸಿದರು. ಅಲೆ ಅನ್ನುವುದೇ ಇಲ್ಲದ ನೀರು. ದೋಣಿ ಒಂದು ಸುತ್ತು ತಿರುಗಿತು ನೋಡಿ, ನಮ್ಮ ಯಜಮಾನರ ಮುಖ ಎಳೇ ಬಾಳೆಲೆ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ತಿಂದ ಸೆಟ್ ದೋಸೆ, ಸಾಗು ಎಲ್ಲಾ ಯಗಚಿ ಪಾಲಾಯಿತು. ಮಗ ಬಹಳ ಗಂಭೀರವಾಗಿ, ತನಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಅಪ್ಪನ ಕೈಗೆ ಕೊಟ್ಟ. ಸ್ವಲ್ಪ ತಡವಾಯಿತು ಅಷ್ಟೇ.

ಮಾವ ಬಂದಿರಲಿಲ್ಲ. ಸುದ್ದಿ ಕೇಳಿ ಎದ್ದು ಒಳಗೆ ಹೋದರು. ನಗಲಿಕ್ಕೆ ಅಂತ ನನ್ನ ಅನುಮಾನ.

ಆಮೇಲಿನದ್ದು ರೂಮಿನ ಕಥೆ. ಬಾಲ್ಕನಿ ಇರುವ ರೂಮು ಚೆಂದ, ಆದರೆ ನನ್ನ ಮಗಳು ಕುರ್ಚಿ ಎಳೆದು ಬೀರು ಹತ್ತುವ ಜಾತಿ. ಬಾಲ್ಕನಿ ಇದ್ದರೆ ಪ್ರವಾಸಪೂರ್ತಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. ಅಗ್ಗದ್ದು ಬೇಕಾದರೆ ಒಳಗಿನ ರೂಮು ಇದೆ, ಅದಕ್ಕೆ ಕಿಟಕಿಯೇ ಇಲ್ಲ. "ಸಮುದ್ರ ನೋಡೋಕೆ ಅಷ್ಟು ದುಡ್ಡು ಸುರಿದು ಉಗ್ರಾಣದಲ್ಲಿ ಮಲಗಬೇಕಾ?" ಅಂತ ಅತ್ತೆ ಕೇಳಿದರು. ಕತ್ತಲಿದ್ದರೆ ಮಕ್ಕಳು ಮಧ್ಯಾಹ್ನವೂ ಚೆನ್ನಾಗಿ ಮಲಗುತ್ತವೆ ಅಂತ ನನಗೆ ಒಳಗೊಳಗೇ ಅದೇ ಇಷ್ಟವಾಗಿತ್ತು. ಒಂದೇ ರೂಮಿನಲ್ಲಿ ಮೂರನೆಯವರಿಗೂ ನಾಲ್ಕನೆಯವರಿಗೂ ರೇಟು ಕಡಿಮೆ ಅನ್ನುವುದು ಮಾವನಿಗೆ ಇಷ್ಟವಾಯಿತು. ಟಿಪ್ಸ್ ಅಂತ ತಲೆಗಿಷ್ಟು ಲೆಕ್ಕ ಹಾಕುವಾಗ ಕೆಲವು ಹಡಗುಗಳು ಮಕ್ಕಳ ತಲೆಯನ್ನೂ ಎಣಿಸುತ್ತವೆ ಅನ್ನುವುದು ಇಷ್ಟವಾಗಲಿಲ್ಲ. ರೂಮಿಗೆ ಕೆಟಲ್ ಒಯ್ಯುವ ಹಾಗಿಲ್ಲ, ಬೆಂಕಿ ಭಯ. ಹಾಗಾದರೆ ರಾಗಿ ಸರಿ ಕಾಯಿಸುವುದು ಎಲ್ಲಿ? ಹಡಗಿನ ಅಡುಗೆಮನೆಯವರಿಗೆ ಗಂಟಾಗದಂತೆ ರಾಗಿ ಸರಿ ತಿರುವುವುದನ್ನು ಯಾರು ಹೇಳಿಕೊಡಬೇಕು? ಈ ಪ್ರಶ್ನೆಗೆ ಮೈದುನನ ಹತ್ತಿರವೂ ಉತ್ತರ ಇರಲಿಲ್ಲ.

ಆದರೆ ನಿಜವಾದ ಅಡ್ಡಗಾಲು ಬೇರೆಯೇ ಇತ್ತು. ಆರು ತಿಂಗಳು ತುಂಬಿದ ಕೂಸನ್ನು ಬಹಳಷ್ಟು ಹಡಗುಗಳು ಹತ್ತಿಸಿಕೊಳ್ಳುತ್ತವೆ. ಹತ್ತಿಸಿಕೊಂಡ ಮೇಲೆ ಡಯಾಪರ್ ನೋಡುತ್ತವೆ. ಡಯಾಪರ್ ಹಾಕುವ ಮಗುವನ್ನು ದೊಡ್ಡ ಪೂಲಿಗೆ ಬಿಡುವುದಿಲ್ಲ, ಈಜಲೆಂದೇ ಮಾಡಿದ ಡಯಾಪರ್ ಇದ್ದರೂ ಇಲ್ಲ. ಒಂದು ಮಗು ನೀರಲ್ಲಿ ಕೆಲಸ ಮುಗಿಸಿದರೆ ಕೊಳ ಮುಚ್ಚಿ ಕ್ಲೋರಿನ್ ಹಾಕಿ ಶುದ್ಧ ಮಾಡಬೇಕಲ್ಲ. ಮಕ್ಕಳನ್ನು ಬಿಟ್ಟು ಬರುವ ಕಿಡ್ಸ್ ಕ್ಲಬ್ಬಿಗೂ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಅಂದರೆ ಪೂಲೂ ಇಲ್ಲ, ಕ್ಲಬ್ಬೂ ಇಲ್ಲ. ನಡುಸಮುದ್ರದಲ್ಲಿ ನಾನು, ಎರಡೂವರೆ ವರ್ಷದ ಮಗಳು, ಸುತ್ತಲೂ ನೀರು. ಸಿಂಗಾಪುರವೋ ಗೋವಾವೋ ಅನ್ನುವುದು ಆಮೇಲಿನ ಮಾತು. ಮೊದಲು ಅವಳು ಡಯಾಪರ್ ಬಿಡಬೇಕು ಅಂತ ತೀರ್ಮಾನವಾಯಿತು.

ನೀಲಿ ಬಣ್ಣದ ಪಾಟಿ ಮನೆಗೆ ಬಂತು. ಯಜಮಾನರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಪುಟ್ಟಿ, ಇದರಲ್ಲಿ ಸುಸ್ಸು ಮಾಡಿದ್ರೆ ಹಡಗು!" ಅಂತ ದಿನಾ ಪುಸಲಾಯಿಸಿದರು. ಮಗಳು ಅಪ್ಪನ ಮಾತನ್ನು ತನಗೆ ತಿಳಿದ ಹಾಗೆ ತೆಗೆದುಕೊಂಡಳು. ಆ ನೀಲಿ ಪಾಟಿಯೇ ಹಡಗು ಅಂತ ನಂಬಿಬಿಟ್ಟಳು. "ಅಮ್ಮಾ, ಹಡಗು!" ಅಂದರೆ ನಾನು ಓಡಬೇಕು. ಮನೆಯಲ್ಲಿ ಇದು ಎಲ್ಲರಿಗೂ ಅಭ್ಯಾಸವಾಯಿತು. ಪೇಪರ್ ಓದುವ ಮಾವ ಕೂಡ, "ಹಡಗು ಹೊರಟಿದೆ ನೋಡಮ್ಮಾ" ಅಂತ ಕೂಗುತ್ತಿದ್ದರು.

ಹೀಗಿರುವಾಗ ಸಂಬಂಧಿಕರ ಮದುವೆ ಬಂತು. ಕಲ್ಯಾಣ ಮಂಟಪದಲ್ಲಿ ಧಾರೆ ನಡೀತಿದೆ, ಓಲಗದ ಸದ್ದು. ನಾನು ರೇಷ್ಮೆ ಸೀರೆಯಲ್ಲಿ, ಮಗಳು ತೊಡೆ ಮೇಲೆ. ಇದ್ದಕ್ಕಿದ್ದಂತೆ, "ಅಮ್ಮಾ ಹಡಗು! ಅಮ್ಮಾ ಹಡಗು!" ಎದ್ದೆ. ಅಷ್ಟರಲ್ಲಿ ಅತ್ತೆಯ ದೊಡ್ಡಮ್ಮನ ಮಗಳು ನನ್ನ ಕೈ ಹಿಡಿದು ಕೂರಿಸಿದರು. "ಪಾಪ, ಮಗೂಗೆ ಎಷ್ಟು ಆಸೆ ನೋಡಮ್ಮ! ಹಡಗಲ್ಲಿ ಹೋಗ್ತಿದ್ದೀರಂತೆ? ಎಲ್ಲಿಗೆ? ಯಾವಾಗ? ತಲೆಗೆ ಎಷ್ಟಾಗುತ್ತೆ?" "ಅಕ್ಕಾ, ಬಂದೆ, ಒಂದ್ನಿಮಿಷ" ಅಂದೆ. ಅವರು ಬಿಡಲಿಲ್ಲ. "ನಮ್ಮ ಮಗನೂ ಸಿಂಗಾಪುರ ಅಂತಿದ್ದ, ಹಡಗಿನ ವಿಷಯ ಪೂರ್ತಿ ಹೇಳ್ಬಿಟ್ಟು ಹೋಗು" ಅಂದರು. ಮಗಳು ಇನ್ನೊಂದು ಸಲ, ಈ ಬಾರಿ ಮೆಲ್ಲಗೆ, "ಹಡಗು" ಅಂದಳು. ನನ್ನ ತೊಡೆ ಬೆಚ್ಚಗಾಯಿತು. ವಿಷಯ ಪೂರ್ತಿ ಹೇಳುವ ಅಗತ್ಯವೇ ಬರಲಿಲ್ಲ. ಅಕ್ಕನ ಸೀರೆಯ ಅಂಚೂ ಪಕ್ಕದಲ್ಲೇ ಇತ್ತು.

ಈ ನಡುವೆ ಲಕ್ಷದ್ವೀಪದ ಮಾತು ಒಂದಷ್ಟು ದಿನ ಓಡಿತು. ನನಗೆ ಬಹಳ ಆಸೆಯಿತ್ತು. ಮಕ್ಕಳು ಆಡಲು ಮೊಣಕಾಲುದ್ದದ ತಿಳಿನೀರು, ಬಿಳೀ ಮರಳು. ಮೂವತ್ತಾರು ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ ಮಾತ್ರ. ನಮ್ಮ ದೇಶದವರಿಗೂ ಪರ್ಮಿಟ್ ಬೇಕು, ಅದಿರಲಿ. ಹವಳದ ದಿಬ್ಬ ಅಡ್ಡ ಇರುವುದರಿಂದ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಒಯ್ಯುತ್ತಾರೆ ಅಂತ ತಿಳಿಯಿತು. ದೋಣಿ ಅಂದ ಕೂಡಲೇ ಎಲ್ಲರೂ ಯಜಮಾನರ ಮುಖ ನೋಡಿದರು. ಬಂಗಾರಂ ದ್ವೀಪ ಬಿಟ್ಟರೆ ಅಲ್ಲಿ ಮದ್ಯವೂ ನಿಷೇಧ ಅಂತ ಗೊತ್ತಾದ ಮೇಲೆ, ಜೊತೆಗೆ ಬರುತ್ತೇನೆ ಅಂದಿದ್ದ ಮೈದುನನಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು.

ಸಿಂಗಾಪುರಕ್ಕಿಂತ ಸುಲಭ ಅಂತ ಕೊನೆಗೆ ಉಳಿದದ್ದು ಮುಂಬೈ ಗೋವಾ ಹಡಗು. ಪಾಸ್‌ಪೋರ್ಟ್ ಇಲ್ಲದೆಯೂ ನಡೆಯುತ್ತದೆ (ಹಲ್ಲಿ ಫೋಟೋ ದಂಡವಾಯಿತು). ದಿನ ಕಡಿಮೆ. ವಾಂತಿ ಬಂದರೂ ಎರಡು ಮೂರು ರಾತ್ರಿಯಲ್ಲಿ ನೆಲ ಸಿಗುತ್ತದೆ. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ, ಡಿಸೆಂಬರಿನಲ್ಲಿ ಮಗಳಿಗೆ ಮೂರು ತುಂಬಿದ ಮೇಲೆ ಹೋಗೋಣ ಅಂತಾಯಿತು. ಮಾವ ಹಡಗಿನ ಜಾತಕವನ್ನೇ ತೆಗೆದರು. ಎಂಪ್ರೆಸ್ ಅಂತ ಹೆಸರು, ಮೊದಲು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 1990ರಲ್ಲಿ, ಆಗ ನಾರ್ಡಿಕ್ ಎಂಪ್ರೆಸ್ ಅನ್ನುತ್ತಿದ್ದರು, ನಮ್ಮ ಕಡೆ ಓಡಲು ಶುರುವಾದದ್ದು 2021ರಲ್ಲಿ. ಹಳೇದಾಯಿತು ಅನ್ನುತ್ತಾರೆ ಅಂದುಕೊಂಡೆ. "ನನ್ನ ಸ್ಕೂಟರೂ ತೊಂಬತ್ತರದ್ದೇ. ಇನ್ನೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ" ಅಂದರು.

ಮಕ್ಕಳನ್ನು ಹಿಡಿಯಲು ಒಂದು ಕೈ ಜಾಸ್ತಿ ಬೇಕು, ಅತ್ತೆಯೂ ಬರಲಿ ಅಂದೆವು. ಅತ್ತೆಗೆ ವಿಮಾನ ಆಗುವುದಿಲ್ಲ. ಹಾಗಾಗಿ ಮಂಗಳೂರಿಗೆ ಹೋಗಿ ಕೊಂಕಣ ರೈಲು ಹಿಡಿದು ಮುಂಬೈ ಸೇರುವುದು ಅಂತ ಯಜಮಾನರು ಕಾಗದದ ಮೇಲೆ ಬರೆದರು. ಮಾವ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು.

"ಈ ರೈಲು ಮಡಗಾಂವ್ ಮೇಲೇ ತಾನೇ ಹೋಗೋದು?"

"ಹೌದಪ್ಪ."

"ಮಡಗಾಂವ್ ಅಂದ್ರೆ ಗೋವಾ ತಾನೇ?"

"ಹೌದು."

"ಹಂಗಾದ್ರೆ ರೈಲಲ್ಲಿ ಗೋವಾ ದಾಟಿ ಮುಂಬೈಗೆ ಹೋಗ್ತೀರಿ. ಮುಂಬೈಯಿಂದ ಹಡಗಲ್ಲಿ ಗೋವಾಕ್ಕೆ ಬರ್ತೀರಿ. ಅದೇ ಹಡಗಲ್ಲಿ ವಾಪಸ್ ಮುಂಬೈಗೆ ಹೋಗಿ, ಮತ್ತೆ ರೈಲಲ್ಲಿ ಗೋವಾ ದಾಟಿ ಮನೆಗೆ ಬರ್ತೀರಿ. ಮೊದಲನೇ ಸಲವೇ ಇಳಿದುಬಿಟ್ರೆ ಏನಾಗುತ್ತೆ?"

ಯಾರೂ ಬಾಯಿ ಬಿಡಲಿಲ್ಲ. ಫೋನಿನಲ್ಲಿದ್ದ ಮೈದುನ ಮಾತ್ರ, "ಹೋಗೋದೇ ಒಂದು ಅನುಭವ ಅಲ್ವಾ ಅಪ್ಪಾ" ಅಂದ.

"ಆ ಅನುಭವ ನಿಮ್ಮಣ್ಣನಿಗೆ ಯಗಚಿಯಲ್ಲೇ ಆಗಿದೆಯಲ್ಲೋ" ಅಂದರು ಮಾವ.

ಆದರೂ ಬುಕ್ ಮಾಡಲು ಕೂತೆವು. ಯಜಮಾನರು ಒಂದೊಂದೇ ಕಾಲಂ ಓದುತ್ತಾ ತುಂಬಿಸುತ್ತಿದ್ದರು. ಹಿರಿಯ ನಾಗರಿಕರು ಎಷ್ಟು ಜನ ಅನ್ನುವಲ್ಲಿಗೆ ಬಂದಾಗ ಒಂದು ಅಂತ ಒತ್ತಿದರು. ಮಾವ ಪೇಪರ್ ಮಡಚಿ, "ಎರಡು ಮಾಡು" ಅಂದರು. "ಕಿಟಕಿ ಇರೋ ರೂಮು."